ಒಂದು ಮೊಳ ಫಿಲಂ

ನನ್ನ ಮಗಳು ಉಗುರು ಬಣ್ಣ ಅಳಿಸುವ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ನನಗೆ ಏಟಿನ ನೆನಪಾಗುತ್ತದೆ. ತುಮಕೂರಿನ ಶಿರಾ ಗೇಟಿನ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಕೂತು ಅವಳು ಹತ್ತಿಯನ್ನು ಅದರಲ್ಲಿ ಅದ್ದುತ್ತಾಳೆ. ಮೂಗಿಗೆ ಚುಚ್ಚುವ ಆ ತಣ್ಣನೆಯ ವಾಸನೆ ಬಂದದ್ದೇ ತಡ, ನಾನು ಗುಬ್ಬಿಯ ಹಳೇ ಟಾಕೀಸಿನ ಪ್ರೊಜೆಕ್ಟರ್ ರೂಮಿನಲ್ಲಿ ಮೇಜಿನಡಿ ಮುದುಡಿ ಕೂತಿರುತ್ತೇನೆ. "ಯಾಕಮ್ಮ ಹಂಗ್ ನೋಡ್ತೀಯ?" ಅನ್ನುತ್ತಾಳೆ. ಏನು ಹೇಳಲಿ? ತುಂಡಾದ ಫಿಲಮನ್ನು ಅಂಟಿಸುವ ಸಿಮೆಂಟಿಗೂ ಇದೇ ವಾಸನೆಯಿತ್ತು ಕಣೇ, ಆ ವಾಸನೆಯಿಂದಲೇ ನಿಮ್ಮ ತಾತನ ಬಲಗೈ ಹೋಯಿತು ಅಂತ ಹೇಳಲಾದೀತೇ? ಮುಚ್ಚಳ ಹಾಕು, ತಲೆನೋವು ಬರ್ತದೆ ಅಂತ ಗದರುತ್ತೇನೆ.

ಅಪ್ಪ ಆ ಟಾಕೀಸಿನ ಆಪರೇಟರ್. ಟಾಕೀಸಿನ ಹಿಂಗೋಡೆಗೆ ಒರಗಿಕೊಂಡಂತೆ ನಮ್ಮ ಎರಡು ಕೋಣೆಯ ಶೀಟಿನ ಮನೆ. ಅವ್ವ ಈಚೆ ಮುದ್ದೆ ತಿರುವುವಾಗ ಗೋಡೆಯಾಚೆ ಯಾರೋ ಸಾಯುತ್ತಿದ್ದರು. "ಕ್ಲೈಮ್ಯಾಕ್ಸ್ ಬಂತು, ತಟ್ಟೆ ಹಾಕೇ ಭಾಗೀ" ಅನ್ನುತ್ತಿದ್ದಳು; ನಮ್ಮ ಮನೆಗೆ ಗಡಿಯಾರವೇ ಬೇಕಿರಲಿಲ್ಲ. ಗೋಡೆಯ ಈಚೆಗೂ ಹೊಡೆದಾಟಕ್ಕೇನು ಬರವಿರಲಿಲ್ಲ ಬಿಡಿ. ಅಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಬಾಗಿಲಾಚೆ ಹಾರುತ್ತಿತ್ತು. ನನಗಂತ, ಸವೆದುಹೋಯಿತೆಂದು ಪ್ರೊಜೆಕ್ಟರಿನಿಂದ ಬಿಚ್ಚಿದ ಒಂದು ಚರ್ಮದ ಬೆಲ್ಟನ್ನು ಮೊಳೆಗೆ ನೇತುಹಾಕಿದ್ದ. ಹಾಲು ಚೆಲ್ಲಿದ್ದಕ್ಕೆ, ಎದುರುತ್ತರ ಕೊಟ್ಟಿದ್ದಕ್ಕೆ, ಒಮ್ಮೆ ಸುಮ್ಮನೆ ನಕ್ಕಿದ್ದಕ್ಕೂ ಕಾಲಿನ ಮೇಲೆ ಬಾಸುಂಡೆ ಎದ್ದಿದ್ದವು. ಈಗಿನವರು ಕೇಳಿದರೆ ರಾಕ್ಷಸ ಅಂದಾರು. ಅನ್ನಲಿ, ನಾನೂ ಅಂದುಕೊಂಡಿದ್ದೆ. ಆದರೂ ಮೆಟ್ಟಿಲು ಹತ್ತಿ ಆ ರೂಮಿಗೇ ಓಡುತ್ತಿದ್ದೆ, ಯಾಕೆಂದರೆ ಅಲ್ಲಿ ಅದೇ ಕೈ ಬೇರೆಯದೇ ಆಗಿರುತ್ತಿತ್ತು. ಫಿಲಂ ತುಂಡಾದರೆ ತುದಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಬ್ರಷ್ಷಿನ ತುದಿಯಲ್ಲಿ ಸಿಮೆಂಟು ಸವರಿ, ಎರಡನ್ನೂ ಒಂದರ ಮೇಲೊಂದಿಟ್ಟು, ಹಸುಗೂಸಿನ ನೆತ್ತಿ ಮುಟ್ಟುವ ಹಾಗೆ ಹೆಬ್ಬೆರಳಿನಲ್ಲಿ ಒತ್ತಿ ಇಪ್ಪತ್ತರವರೆಗೆ ಎಣಿಸುತ್ತಿದ್ದ. ನಾನು ಬೆನ್ನ ಹಿಂದೆ ನಿಂತು ಜೊತೆಗೆ ಎಣಿಸುತ್ತಿದ್ದೆ.

ಆ ರೂಮಿನ ಕಿಂಡಿಯಿಂದ ಎಷ್ಟು ಮಕ್ಕಳು ದೊಡ್ಡವರಾಗುವುದನ್ನು ನೋಡಿದೆನೋ! ಹಳೇ ಕಪ್ಪು ಬಿಳುಪಿನ ಪಿಕ್ಚರುಗಳಲ್ಲಿ ಹುಡುಗ ತಾಯಿಯ ಕಾಲಿಗೆ ಬೀಳುತ್ತಿದ್ದ, ಹಾಡು ಮುಗಿದು ಏಳುವಾಗ ಮೀಸೆ ಬಂದಿರುತ್ತಿತ್ತು. ಆಮೇಲೆ ಬಣ್ಣ ಬಂತು, ಬಣ್ಣದ ಜೊತೆ ರಕ್ತವೂ ಬಂತು. ಅಪ್ಪನನ್ನು ಕೊಚ್ಚಿ ಹಾಕುವುದನ್ನು ಮಗ ಬಾಗಿಲ ಸಂದಿಯಿಂದ ನೋಡುತ್ತಾನೆ, ಕಿರುಚುತ್ತಾನೆ, ಓಡುತ್ತಾನೆ. ಕ್ಯಾಮೆರಾ ಕಾಲಿಗಿಳಿಯುತ್ತದೆ. ಬರಿಗಾಲು ಓಡುತ್ತಾ ಓಡುತ್ತಾ ಬೂಟುಗಾಲಾಗುತ್ತದೆ, ಕ್ಯಾಮೆರಾ ಮೇಲೆದ್ದರೆ ಹೀರೋ! ಅಷ್ಟೇ ಬಾಲ್ಯ. ಹುಡುಗಿಯರಿಗೆ ಆ ಓಟವೂ ಇರಲಿಲ್ಲ. ಆರತಿ ಎತ್ತಿ ಲಂಗ ದಾವಣಿ ಉಡಿಸಿದರೆ ದೊಡ್ಡವಳಾದಳು ಅಂತ ಲೆಕ್ಕ. ಈಗ ನನ್ನ ಮಗಳು ಮೊಬೈಲಿನಲ್ಲಿ ನೋಡುವ ಪಿಕ್ಚರುಗಳಲ್ಲಿ ಹುಡುಗಿಯೊಬ್ಬಳು ಎರಡು ಗಂಟೆ ಹೊತ್ತು ಸೈಕಲ್ ತುಳಿಯುತ್ತಾ, ಗೆಳತಿಯ ಮೇಲೆ ಮುನಿಸಿಕೊಳ್ಳುತ್ತಾ, ಪುರುಸೊತ್ತಾಗಿ ದೊಡ್ಡವಳಾಗುತ್ತಾಳೆ. ಯಾರೂ ಸಾಯುವುದಿಲ್ಲ, ಯಾರೂ ಓಡುವುದಿಲ್ಲ. "ಕಥೆ ಎಲ್ಲೇ ಇದ್ರಲ್ಲಿ?" ಅಂದರೆ "ಇದೇ ಕಥೆ ಕಣಮ್ಮ" ಅನ್ನುತ್ತಾಳೆ. ಹೊಟ್ಟೆಕಿಚ್ಚಾಗುತ್ತದೆ ನನಗೆ, ಸುಳ್ಳು ಯಾಕೆ ಹೇಳಲಿ.

ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ಹುಡುಗ ಓಡುತ್ತಲೇ ಹೀರೋ ಆಗುವ ಅಂಥದೇ ಒಂದು ಪಿಕ್ಚರು ಕುಣಿಗಲ್ಲಿನಲ್ಲಿ ಓಡಿ ಮುಗಿಸಿ ಬಸ್ಸಿನ ಟಾಪಿನ ಮೇಲೆ ನಮ್ಮೂರಿಗೆ ಬಂತು. ರೀಲು ತುಂಬಿದ ತಗಡಿನ ಪೆಟ್ಟಿಗೆಯನ್ನು ಗೇಟು ಕಾಯುವ ರಂಗಣ್ಣ ಎರಡು ಕೈಯಲ್ಲಿ ಏದುಸಿರು ಬಿಟ್ಟುಕೊಂಡು ಇಳಿಸಿದರೆ, ಅಪ್ಪ ಅದನ್ನು ಬಲಗೈಯೊಂದರಲ್ಲೇ ಮೆಟ್ಟಿಲು ಹತ್ತಿಸುತ್ತಿದ್ದ. ಆ ಪಿಕ್ಚರಿನ ಹುಡುಗನನ್ನು ನಾನು ಒಂದು ವಾರ ದಿನವೂ ನೋಡಿದೆ. ಗಲ್ಲದ ಮೇಲೆ ಮಚ್ಚೆಯಿದ್ದ, ಅಳುವಾಗ ಬಿಕ್ಕಳಿಸುತ್ತಿದ್ದ ಆ ಹುಡುಗ ಓಡಿದನೆಂದರೆ ಮುಗಿಯಿತು, ಮತ್ತೆ ಸಿಗುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತಾನೆ? ಯಾವ ಘಳಿಗೆಯಲ್ಲಿ ಹೋಗುತ್ತಾನೆ? ಅಪ್ಪನನ್ನು ಕೇಳಿದರೆ "ಸುಮ್ನೆ ರೀಲ್ ಸುತ್ತೇ" ಅಂದ. ಭಾನುವಾರ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ರೀಲು ಸುತ್ತುತ್ತಾ ಸುತ್ತುತ್ತಾ ಬಲ್ಬಿಗೆ ಹಿಡಿದು ಹುಡುಕಿದೆ. ಸಿಕ್ಕಿತು. ಒಂದು ಮೊಳದಷ್ಟು ಫಿಲಮಿನಲ್ಲಿ ಎರಡೂ ಕಾಲುಗಳಿದ್ದವು, ದೊಡ್ಡ ಬೂಟಿನೊಳಗೆ ನೀರಿನಲ್ಲಿ ಕಂಡಂತೆ ಪುಟ್ಟ ಬರಿಗಾಲು. ಮೊಳ ಫಿಲಂ ಅಂದರೆ ತೆರೆಯ ಮೇಲೆ ಒಂದೇ ಸೆಕೆಂಡು ಅಂತ ಅಪ್ಪನೇ ಹೇಳಿದ್ದ. ಒಂದು ಸೆಕೆಂಡು ಯಾರ ಗಮನಕ್ಕೆ ಬರುತ್ತದೆ? ಬ್ಲೇಡು ತೆಗೆದುಕೊಂಡು ಕತ್ತರಿಸಿಯೇಬಿಟ್ಟೆ. ಉಳಿದ ತುದಿಗಳನ್ನು ಕೆರೆದು, ಸಿಮೆಂಟು ಸವರಿ, ಇಪ್ಪತ್ತರವರೆಗೆ ಎಣಿಸಿದೆ. ತುಂಡನ್ನು ಸುರುಳಿ ಸುತ್ತಿ ಲಂಗದ ನಡುವಿಗೆ ಸಿಕ್ಕಿಸಿಕೊಂಡೆ.

ಮ್ಯಾಟಿನಿಗೆ ಟಾಕೀಸು ಕಿಕ್ಕಿರಿದಿತ್ತು. ಅರ್ಧ ಜನ ಆ ಪಿಕ್ಚರನ್ನು ಮೊದಲೇ ನೋಡಿದ್ದವರು, ಹೀರೋ ಮುಖ ಕಂಡ ಕೂಡಲೇ ತೂರಲೆಂದು ಮಡಿಲ ತುಂಬ ಪೇಪರ್ ಚೂರು ಇಟ್ಟುಕೊಂಡು ಕೂತಿದ್ದವರು. ಹುಡುಗ ಓಡಿದ. ಶಿಳ್ಳೆ ಶುರುವಾಯಿತು. ಕಾಲು, ಕಾಲು, ಬೂಟು, ಹೀರೋ ಮುಖ ಕಂಡಿತು, ಅಷ್ಟರಲ್ಲಿ ಪ್ರೊಜೆಕ್ಟರ್ ಕಟಕಟ ಅಂದಿತು. ದೀಪ ದಾಟಿ ಕೆಳಗಿಳಿಯುತ್ತಿದ್ದಂತೆ ನನ್ನ ಅಂಟು ಬಿಟ್ಟಿತ್ತು. ಫಿಲಂ ದೀಪದ ಮುಂದೆ ಸಿಕ್ಕಿ ನಿಂತುಬಿಟ್ಟಿತು. ತೆರೆಯ ತುಂಬ ನಿಂತಿದ್ದ ಆ ಮುಖದ ನಡುವೆ ಕಂದು ಗುಳ್ಳೆಯೆದ್ದು, ಒಡೆದು, ಕಣ್ಣು ಮೂಗು ಬಾಯಿ ಎಲ್ಲ ಕರಗಿ ಹೋಯಿತು. ಆಮೇಲೆ ಒಬ್ಬ ಕೂಗಿದ, "ಲೇ, ನಮ್ಮಣ್ಣನ್ ಮುಖ ಸುಟ್ಟವ್ನೆ ಕಣ್ರಲಾ! ಹಿಡೀರ್ಲಾ ಆಪರೇಟರ್ನ!"

ಬೆಂಚು ಮುರಿಯುವ ಸದ್ದು, ಗಾಜು ಒಡೆಯುವ ಸದ್ದು, ರಂಗಣ್ಣನ "ಅಯ್ಯಯ್ಯೋ" ಕೆಳಗಿನಿಂದ ಕೇಳಿದವು. ಅಪ್ಪ ದೀಪ ಆರಿಸಿ ಫಿಲಮಿನ ಬಿಟ್ಟ ತುದಿಯನ್ನು ಎತ್ತಿ ನೋಡಿದ. ಟೈಲರಿಗೆ ತನ್ನ ಹೊಲಿಗೆ ಗೊತ್ತಿರುವಂತೆ ಅವನಿಗೆ ತನ್ನ ಅಂಟು ಗೊತ್ತು. ತುದಿ ನೋಡಿದ, ನನ್ನ ಮುಖ ನೋಡಿದ. ಮೆಟ್ಟಿಲ ಮೇಲೆ ಕಾಲ್ಸದ್ದು ಬಂದಾಗ ನನ್ನ ಜುಟ್ಟು ಹಿಡಿದು ಮೇಜಿನಡಿಗೆ ನೂಕಿ, ಮುಂದಕ್ಕೆ ತಗಡಿನ ಪೆಟ್ಟಿಗೆ ಎಳೆದ.

"ಯಾವನ್ಲಾ ಕಟ್ ಮಾಡಿದ್ದು?" ಒಳಗೆ ನುಗ್ಗಿದವರಲ್ಲೊಬ್ಬ ಕೂಗಿದ.

"ನಾನೇ ಕಣ್ರಪ್ಪಾ. ಅಂಟು ಸರಿಯಾಗಿ ಬೀಳ್ಲಿಲ್ಲ. ನಂದೇ ತಪ್ಪು."

ಅವರು ಅಪ್ಪನ ಬಲಗೈಯನ್ನು ನನ್ನ ನೆತ್ತಿಯ ಮೇಲಿನ ಹಲಗೆಗೇ ಒತ್ತಿ ಹಿಡಿದು ಕಬ್ಬಿಣದ ರೀಲಿನಿಂದ ಚಚ್ಚಿದರು. ಒಂದೊಂದು ಏಟಿಗೂ ಮೇಜಿನ ಧೂಳು ನನ್ನ ಕಣ್ಣಿಗೆ ಬೀಳುತ್ತಿತ್ತು. ನಾಲ್ಕನೆಯದಕ್ಕೆ ಅಪ್ಪ ಕಿರುಚಿದ. ಪಿಕ್ಚರಿನಲ್ಲಿ ಕಿರುಚುವ ಹಾಗಲ್ಲ, ಕರುವಿನ ಹಾಗೆ. ಪಿಕ್ಚರಿನ ಹುಡುಗನಾದರೂ ಓಡಿದ. ನಾನು ಬಾಯಿಗೆ ಲಂಗ ತುರುಕಿಕೊಂಡು ಕೂತೆ. ಆಚೆ ಬಂದು "ನಾನು ಕಣ್ರೀ, ನಾನು" ಅನ್ನಲಿಲ್ಲ. ಆ ಹೇಡಿತನಕ್ಕೆ ಈವತ್ತಿಗೂ ನನಗೆ ನನ್ನ ಮೇಲೇ ಉಗಿಯುವಷ್ಟು ಸಿಟ್ಟು.

ತುಮಕೂರಿನ ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದಾಗ ಮೂರು ಬೆರಳು ಮಡಿಸಲು ಬರುತ್ತಿರಲಿಲ್ಲ. ಕಾರಣ ನಾನು ಅಂತ ಅವ್ವನಿಗೆ ಗೊತ್ತೇ ಆಗಲಿಲ್ಲ. ನಾನು ಬೆಲ್ಟಿಗಾಗಿ ಕಾದೆ. ಅಪ್ಪ ಮೊಳೆಯ ಕಡೆ ಹೋದಾಗಲೆಲ್ಲ ಲಂಗವನ್ನು ಕಾಲ ಮೇಲೆ ಎಳೆದುಕೊಳ್ಳುತ್ತಿದ್ದೆ. ಅವನು ಟವೆಲು ತೆಗೆದುಕೊಂಡು ಹೋಗುತ್ತಿದ್ದ. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮೇಲಕ್ಕೆ ಕರೆದ. ಈಗ ಬಿತ್ತು ಅಂದುಕೊಂಡೇ ಹತ್ತಿದೆ. ಎಡಗೈಯಲ್ಲಿ ಬ್ಲೇಡು ಹಿಡಿದು ನನ್ನ ಮುಂದೆ ಚಾಚಿದ. "ಹೊಳಪಿನ ಕಡೆ ಕೆರೆದ್ರೆ ಕಚ್ಕೊಳಲ್ಲ ಕಣೇ. ಮಂಕು ಕಡೆ ಕೆರೀಬೇಕು. ಬೆರಳಲ್ಲಿ ಮುಟ್ಟಿ ನೋಡು, ಗೊತ್ತಾಯ್ತದೆ." ಅಲ್ಲಿಂದ ಟಾಕೀಸು ಮುಚ್ಚುವವರೆಗೆ ಎಲ್ಲ ಅಂಟೂ ನನ್ನದೇ. ನಾನು ಮೈನೆರೆದಾಗ ಅವ್ವ "ದೊಡ್ಡೋಳಾದ್ ಹುಡ್ಗಿ ಇನ್ನೂ ಅಲ್ಲಿಗ್ ಹತ್ತೋದಾ?" ಅಂತ ತಡೆದಳು. "ಅವ್ಳಿಲ್ದೆ ಪಿಚ್ಚರ್ ಓಡಲ್ಲ, ಸುಮ್ಕಿರೇ" ಅಂದ ಅಪ್ಪ. ನನಗೆ ಎತ್ತಿದ ಆರತಿ ಅದೊಂದೇ.

ಈಗ ಆ ಟಾಕೀಸಿಲ್ಲ. ಅವ್ವ ಮುದ್ದೆ ತಿರುವುತ್ತಿದ್ದ ಜಾಗದಲ್ಲಿ ಬೈಕು ತೊಳೆಯುತ್ತಾರೆ. ಅವ್ವನೂ ಇಲ್ಲ, ರಂಗಣ್ಣನೂ ಇಲ್ಲ, ಶಿಳ್ಳೆ ಹೊಡೆದವರೆಲ್ಲ ಮೊಮ್ಮಕ್ಕಳನ್ನು ಆಡಿಸುತ್ತಿರಬೇಕು. ಹೋದ ವರ್ಷ ಅಪ್ಪ ಕೊನೆಯ ಸಲ ಆಸ್ಪತ್ರೆಯಲ್ಲಿ ಮಲಗಿದಾಗ, ಕಣ್ಣು ಪೂರ್ತಿ ಮಂಜಾಗಿತ್ತು. ಇಷ್ಟು ವರ್ಷ ಟ್ರಂಕಿನ ತಳದಲ್ಲಿಟ್ಟಿದ್ದ ಆ ಮೊಳ ಫಿಲಮನ್ನು ತೆಗೆದುಕೊಂಡು ಹೋಗಿ ಅವನ ಎಡಗೈಗೆ ಇಟ್ಟೆ. ಬಣ್ಣವೆಲ್ಲ ಹೋಗಿ ಬರೀ ಕೆಂಪು ಉಳಿದಿತ್ತು. ಹೆಬ್ಬೆರಳಿನಲ್ಲಿ ಒಂದು ಕಡೆ ಸವರಿದ, ತಿರುಗಿಸಿ ಇನ್ನೊಂದು ಕಡೆ ಸವರಿದ.

"ಅವತ್ತು ಕಟ್ ಮಾಡಿದ್ದು ನಾನು ಕಣಪ್ಪಾ" ಅಂದೆ. ಅಳು ತಡೆಯಲಾಗಲಿಲ್ಲ.

"ಗೊತ್ತು ಬುಡು."

"ಮತ್ಯಾಕೆ ಹೊಡೀಲಿಲ್ಲ?"

"ಬಲಗೈ ಹೋಗಿತ್ತಲ್ಲೇ. ಎಡಗೈ ಏಟು ಜೋರಾಗ್ ಬೀಳಲ್ಲ" ಅಂದು ನಕ್ಕ, ನಗು ಕೆಮ್ಮಾಯಿತು.

ನಾನು ನೀರು ಕುಡಿಸಿದೆ. ಕಟ್ಟು ಬಿಚ್ಚಿದ ವಾರದಿಂದಲೇ ಅವನು ಆ ತಗಡಿನ ಪೆಟ್ಟಿಗೆಯನ್ನು ಎಡಗೈಯೊಂದರಲ್ಲೇ ಮೆಟ್ಟಿಲು ಹತ್ತಿಸುತ್ತಿದ್ದುದನ್ನು ಟಾಕೀಸು ಮುಚ್ಚುವವರೆಗೂ ನಾನು ನೋಡಿದ್ದೆ.