ಹಳ್ಳಕ್ಕೆ ಹೋದ ಮದುವೆಯ ಜೋಡು

೨೦೦೫ನೇ ಇಸವಿಯ ಮಾತು. ರೋಣದ ಹೊರಗೆ, ಹಳ್ಳದ ದಂಡೆಯ ಹೊಸ ಪ್ಲಾಟಿನಲ್ಲಿ ನಾವು ಮನೆ ಕಟ್ಟಿಸಿಕೊಂಡು ಬಂದ ಹೊಸತು. ಹೆಸರಿಗೆ ಅದು 'ನಗರ'. ರಸ್ತೆ ಇಲ್ಲ, ಗಟಾರ ಇಲ್ಲ, ಮಳೆ ಬಂದರೆ ಎರೆಮಣ್ಣು ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತಿತ್ತು. ನಳಕ್ಕೆ ನೀರು ಯಾವಾಗ ಬರುತ್ತದೆ ಎಂದು ದೇವರಿಗೂ ಗೊತ್ತಿರಲಿಲ್ಲ. ಹೀಗಾಗಿ ಇಡೀ ಬಡಾವಣೆಗೆ ಹಳ್ಳವೇ ಗತಿ.

ನಮ್ಮ ಕಡೆ ಮಹಾನವಮಿಗೆ ಘಟ ಕೂಡಿಸುವ ಮೊದಲು ಮನೆಯ ಹಾಸಿಗೆ, ಕೌದಿ, ಚಾದರಗಳನ್ನೆಲ್ಲ ಹಳ್ಳಕ್ಕೆ ಹೊತ್ತು ತೊಳೆಯುತ್ತಾರೆ. ಆ ದಿನಗಳಲ್ಲಿ ಒಗೆಯುವ ಬಂಡೆಗಳಿಗೂ ಮಾಲೀಕರು ಹುಟ್ಟಿಕೊಳ್ಳುತ್ತಾರೆ! ಹಿಂದಿನ ದಿನವೇ ಹೋಗಿ ಬಂಡೆಯ ಮೇಲೆ ಹರಕು ಕಸಬರಿಗೆಯೊಂದನ್ನು ಇಟ್ಟು ಬಂದರೆ ಆ ಬಂಡೆ ಅವರದು. ಯಾರೋ ಒಮ್ಮೆ ಇನ್ನೊಬ್ಬರ ಕಸಬರಿಗೆ ಸರಿಸಿದ್ದಕ್ಕೆ ಎರಡು ಮನೆಯವರು ಯುಗಾದಿಯವರೆಗೂ ಮಾತು ಬಿಟ್ಟಿದ್ದರು. ಇನ್ನು ನನ್ನ ಅತ್ತೆ ನೀಲವ್ವನ ಬಗ್ಗೆ ಕೇಳಲೇಬೇಡಿ. "ಮನ್ಯಾಗ ಒಂದ್ ಚಿಂದಿ ಅರಿವಿ ತೊಳೀದ ಉಳಿದರೂ ದೇವಿ ಹೊಸ್ತಲಾ ದಾಟಂಗಿಲ್ಲ" ಎನ್ನುವವರು ಅವರು. ನಮ್ಮಲ್ಲಿ ಬಟ್ಟೆಗೆ ಅರಿವಿ ಎನ್ನುತ್ತಾರೆ. ಕಂಡ ಅರಿವಿಯನ್ನೆಲ್ಲ ಗಂಟು ಕಟ್ಟುವುದೇ ಅವರ ಕೆಲಸ.

ನಾನು ಮನೆಯಲ್ಲೇ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೆ. ಪಕ್ಕದ ಮನೆ ಹಸೀನಾ ಚಾಚಿಯದು. ಅವರ ಗಂಡ ಊರೂರು ತಿರುಗಿ ಬಳೆ ಮಾರುವವರು. ಮಗಳು ಶಬಾನಾಗೆ ಗಜೇಂದ್ರಗಡದ ಸಂಬಂಧ ಕೂಡಿಬಂದಿತ್ತು. ರಂಜಾನ್ ತಿಂಗಳು ಹಿಡಿಯುವುದರೊಳಗೆ ಮದುವೆ ಮುಗಿಸುವ ಗಡಿಬಿಡಿ. ಮದುಮಗಳ ಜೋಡು, ಅಂದರೆ ಮದುವೆಯ ಉಡುಪು, ಗಂಡಿನ ಕಡೆಯಿಂದ ಬರುವುದು ಅವರ ಪದ್ಧತಿ. ವರನ ಸೋದರತ್ತೆ ತಾನೇ ಬಂದು ಕೆಂಪು ಬಟ್ಟೆ ಕೊಟ್ಟು, "ಅಸಲ್ ರೇಷ್ಮಿ ಅದ, ಜರಿನೂ ಅಸಲ್. ಕೈ ತೊಳಕೊಂಡು ಮುಟ್ಟವಾ" ಎಂದು ನನಗೇ ಉಪದೇಶ ಮಾಡಿ ಹೋಗಿದ್ದರು. ಶಬಾನಾಗೆ ಅದಕ್ಕೂ ಮೊದಲು ಮಾತಾಗಿದ್ದ ಸಂಬಂಧ ಮುರಿದುಬಿದ್ದಿತ್ತು. ಅದಕ್ಕೇ ಚಾಚಿಗೆ ಜೀವದಲ್ಲಿ ಜೀವವಿಲ್ಲ. "ಶಾರದಾ, ಆ ಸೋದರತ್ತಿ ಬಾಯಿಗೆ ನಾವ್ ಸಿಗೋದ್ ಬ್ಯಾಡವಾ. ಇದೂ ಮುರೀತಂದ್ರ ನನ್ನ ಮಗಳ ಗತಿ ಏನು?" ಎಂದು ದಿನಕ್ಕೊಮ್ಮೆ ಹೇಳುತ್ತಿದ್ದರು.

ಮದುವೆ ಭಾನುವಾರ. ಗುರುವಾರ ಮುಂಜಾನೆಗೆ ಘಾಗ್ರಾ, ಕುಪ್ಪಸ, ಓಢಣಿ ಎಲ್ಲ ಸಿದ್ಧವಾಗಿ, ಅಂಚಿಗೆ ಗೋಟು, ಅಂದರೆ ಹೊಳೆಯುವ ಪಟ್ಟಿ, ಹಚ್ಚುವುದೊಂದೇ ಉಳಿದಿತ್ತು. ಧೂಳು ಬೀಳದಿರಲೆಂದು ಹಳೆಯ ಚಾದರದಲ್ಲಿ ಸುತ್ತಿ ಹೊಲಿಗೆ ಮಶೀನಿನ ಮೇಲಿಟ್ಟು, ಗೋಟು ತರಲು ಪ್ಯಾಟೆಗೆ ಹೋದೆ.

ತಿರುಗಿ ಬಂದು ನೋಡುತ್ತೇನೆ, ಮನೆ ಬೋಳು! ಬಾಗಿಲ ಪರದೆ ಇಲ್ಲ, ದಿಂಬಿನ ಗವಸಣಿಗೆ ಇಲ್ಲ, ಮಶೀನಿನ ಮೇಲೆ ಏನೂ ಇಲ್ಲ. ನನ್ನ ಯಜಮಾನರು ಟವೆಲ್ ಸುತ್ತಿಕೊಂಡು ಪೇಪರ್ ಓದುತ್ತ ಕುಳಿತಿದ್ದರು.

"ಮಶೀನ್ ಮ್ಯಾಲಿನ ಗಂಟು ಎಲ್ಲೈತ್ರೀ?"

"ಅವ್ವ ಒಯ್ದಳು. ಉಟ್ಟ ಲುಂಗಿನ ಬಿಡಲಿಲ್ಲ, ನಿನ್ನ ಗಂಟ್ ಬಿಡ್ತಾಳೇನು?"

ಚಪ್ಪಲಿ ಹಾಕದೆ ಹಳ್ಳದ ಕಡೆ ಓಡಿದೆ. ದಂಡೆಯ ಜಾಲಿಗಿಡಗಳ ಮೇಲೆ ಒಣಹಾಕಿದ್ದ ನಮ್ಮ ಬಿಳಿ ಚಾದರಗಳೆಲ್ಲ ದೂರದಿಂದಲೇ ಗುಲಾಬಿ ಬಣ್ಣದಲ್ಲಿ ಕಂಡವು. ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಹಂಡೆ, ಅದರಲ್ಲಿ ಸೋಡಾ ಹಾಕಿದ ನೀರು ಕೊತಕೊತ ಕುದಿಯುತ್ತಿತ್ತು. ಅತ್ತೆ ಕೋಲಿನಿಂದ ಶಬಾನಾಳ ಘಾಗ್ರಾವನ್ನು ಎತ್ತಿ ಎತ್ತಿ ಅದ್ದುತ್ತಿದ್ದರು!

"ಅತ್ತೀ! ಅದು ಶಬಾನಾನ ಮದುವಿ ಜೋಡ್ರೀ!" ಎಂದು ಕಿರುಚಿದೆ.

ಒಗೆಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ತಿರುಗಿ ನೋಡಿದರು. ಅತ್ತೆ ಕೋಲನ್ನು ಹಂಡೆಗೆ ಆನಿಸಿ ಸೊಂಟದ ಮೇಲೆ ಕೈ ಇಟ್ಟರು.

"ಹಂಗಾದರ ಹೇಳಿ ಹೋಗ್ಬೇಕಿಲ್ಲೇನ? ಹಳೇ ಚಾದರದಾಗ ಸುತ್ತಿ ಇಟ್ಟರ ನನಗೇನ್ ಕನಸ ಬೀಳ್ತೈತಿ? ನನ್ನ ಕೌದಿ ಎಲ್ಲಾ ಕೆಡಿಸಿಬಿಡ್ತು ನೋಡು ಈ ಸುಡುಗಾಡ ಅರಿವಿ!"

ನೋಡಿ, ಹೇಗಿದೆ! ಅವರ ಕೌದಿ ಕೆಟ್ಟದ್ದು ದೊಡ್ಡದಾಯಿತು. ನನಗೆ ಅಳಬೇಕೋ, ಆ ಹಂಡೆಯಲ್ಲಿ ನಾನೇ ಬೀಳಬೇಕೋ ತಿಳಿಯಲಿಲ್ಲ. ಜೋಡು ಬಣ್ಣಗೆಟ್ಟು ಮುದ್ದೆಯಾಗಿತ್ತು. ಜರಿ ಸುಲಿದು ಒಳಗಿನ ಬಿಳಿ ನೂಲು ಕಾಣುತ್ತಿತ್ತು.

ಚಾಚಿಗೆ ಹೇಳಿದಾಗ ಅವರು ಬೈಯಲಿಲ್ಲ, ಕೂಗಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕುಳಿತು, "ನಾಳಿಗೆ ಆ ಸೋದರತ್ತಿ ಜೋಡು ನೋಡಾಕ ಬರ್ತಾಳವಾ. ಏನ್ ಹೇಳ್ಲಿ ನಾ?" ಎಂದರು. ಒಳಬಾಗಿಲಲ್ಲಿ ನಿಂತಿದ್ದ ಶಬಾನಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳನ್ನು ನೋಡಲಾಗದೆ ನಾನು ಮನೆಗೆ ಬಂದುಬಿಟ್ಟೆ.

ಮನೆಯಲ್ಲಿ ಆ ಬಟ್ಟೆಯನ್ನು ತಿರುವಿ ನೋಡುತ್ತ ಕುಳಿತವಳಿಗೆ, ಅಸಲಿ ಜರಿ ಹೀಗೆ ಸುಲಿಯುವುದುಂಟೇ ಎಂದು ಅನುಮಾನ ಬಂತು. ಅಂಚಿನಿಂದ ಒಂದಿಷ್ಟು ನೂಲು ಕಿತ್ತು, ಒಣಗಿಸಿ, ಕಡ್ಡಿ ಗೀರಿ ಹಚ್ಚಿದೆ. ಅಸಲಿ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿಯಾಗಬೇಕು. ಇದು ಪ್ಲಾಸ್ಟಿಕ್ಕಿನ ಹಾಗೆ ಕರಗಿ ಕರ‍್ರಗೆ ಗಂಟಾಯಿತು. ರೇಷ್ಮೆಯೂ ಸುಳ್ಳು, ಜರಿಯೂ ಸುಳ್ಳು!

ಅತ್ತೆಗೆ ಆನೆಬಲ ಬಂತು. "ಬರಲಿ ನಾಳೆ ಆ ಮಹಾರಾಣಿ! ಓಣಿ ಮಂದಿನೆಲ್ಲಾ ಕೂಡಿಸಿ ಮಾನ ಕಳೀತೀನಿ" ಎಂದು ಸೆರಗು ಬಿಗಿದರು. ನನಗೂ ಅದೇ ಬೇಕಿತ್ತು. ಇಬ್ಬರೂ ಚಾಚಿಯ ಮನೆಗೆ ನುಗ್ಗಿ ಆ ಕರಿ ಗಂಟನ್ನು ತೋರಿಸಿದೆವು.

ಚಾಚಿ ಅದನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ನನ್ನ ಕೈ ಮುಚ್ಚಿಸಿ ಹೇಳಿದರು: "ಇದನ್ನ ಯಾರಿಗೂ ತೋರಸಬ್ಯಾಡವಾ. ನೀಲಕ್ಕಾ, ನಿಮಗೂ ಕೈ ಮುಗೀತೀನಿ. ನಾಳೆ ನಾವ್ ಗೆದ್ದೀವಂದ್ರ, ನನ್ನ ಮಗಳು ಆ ಮನ್ಯಾಗ ದಿನಾ ಸೋಲಬೇಕಾಗ್ತದ."

ಅತ್ತೆ ಗೊಣಗುತ್ತಲೇ ನನ್ನನ್ನು ಎಳೆದುಕೊಂಡು ಪ್ಯಾಟೆಗೆ ಹೊರಟರು. ಅಂಗಡಿಯವನಿಗೆ, "ಕೆಂಪು ರೇಷ್ಮಿ ತೋರಸು. ಹಂಡ್ಯಾಗ ಕುದಿಸಿದ್ರೂ ಬಣ್ಣ ಹೋಗಬಾರದು" ಎಂದರು. ಅಂಗಡಿಯವನು, "ರೇಷ್ಮಿ ಯಾರ್ ಕುದಸ್ತಾರ್ರೀ ಯಜಮಾನ್ತಿ?" ಎಂದು ಕೇಳಿದ. ನಾನು ಮೇಲಿನ ಫ್ಯಾನ್ ನೋಡಿದೆ. ಮರುದಿನ ನಾನು ಊಟ ತಿಂಡಿ ಮರೆತು ಹೊಲಿದೆ. ಅತ್ತೆ ಕಣ್ಣಿಗೆ ಚಾಳೀಸು ಏರಿಸಿ ಅಂಚು ಮಡಚಿ ಟಾಕು ಹಾಕುತ್ತ, ನಡುನಡುವೆ "ಹೇಳಿ ಹೋಗಿದ್ದರ ಇದ್ಯಾವುದೂ ಇರತಿದ್ದಿಲ್ಲ" ಎಂದು ನನ್ನನ್ನೇ ಕುಟುಕುತ್ತಿದ್ದರು.

ಅದೇ ದಿನ, ಶುಕ್ರವಾರ ಇಳಿಹೊತ್ತಿಗೆ ಸೋದರತ್ತೆ ಬಂದರು. ನಾವೂ ಚಾಚಿಯ ಮನೆಯಲ್ಲಿ ನಿಂತೆವು. ವಿಷಯ ಕೇಳಿದ್ದೇ ತಡ, ಆಕೆಯ ಬಾಯಿ ಓಣಿಗೆಲ್ಲ ಕೇಳಿಸಿತು.

"ಅಂಥಾ ಅಸಲ್ ಬಟ್ಟಿ! ನಮ್ಮ ಇಜ್ಜತ್ ಹಳ್ಳಕ್ಕ ಹಾಕಿದ್ರಿ! ಜೋಡು ಸಂಬಾಳಿಸಲಾರದ ಮಂದಿ ಮನಿತನ ಏನ್ ಸಂಬಾಳಸ್ತೀರಿ? ನಮ್ಮ ಅಣ್ಣಗ ಹೇಳ್ತೀನಿ, ಇನ್ನೊಮ್ಮೆ ವಿಚಾರ ಮಾಡ್ಲಿ!"

ಚಾಚಿ ತಲೆ ಎತ್ತಲಿಲ್ಲ. ನನ್ನ ಮೈ ಉರಿಯುತ್ತಿತ್ತು. ಅಷ್ಟರಲ್ಲಿ ಅತ್ತೆ ನನ್ನನ್ನು ಸರಿಸಿ ಮುಂದೆ ಹೋದರು. ಮುಗಿಯಿತು, ನಮ್ಮತ್ತೆ ಮದುವೆ ಮುರಿಯುತ್ತಾರೆ ಎಂದುಕೊಂಡೆ.

ಅತ್ತೆ ಎರಡೂ ಕೈ ಜೋಡಿಸಿದರು. "ತಪ್ಪಾತ್ರೀ ಯವ್ವಾ. ಚಾಚೀದೂ ಅಲ್ಲ, ಹುಡುಗೀದೂ ಅಲ್ಲ, ನಂದು ತಪ್ಪು. ನಾ ಹಳ್ಳಿ ಮುದುಕಿ. ಅಷ್ಟ್ ಚಲೋ ಅರಿವಿ ಜನ್ಮದಾಗ ಕಂಡಾಕಿ ಅಲ್ಲ, ತಿಳೀಲಿಲ್ಲ. ಬೇಕಾದಷ್ಟ್ ಬೈರಿ ನನ್ನ. ಹುಡುಗೀನ್ನ ಮಾತ್ರ ಬಿಡಬ್ಯಾಡ್ರಿ."

ನನಗೆ ಕಣ್ಣೀರು ಬಂದುಬಿಟ್ಟಿತು. ಹಳ್ಳದ ಬಂಡೆಗಾಗಿ ಊರನ್ನೇ ಎದುರು ಹಾಕಿಕೊಳ್ಳುವ ಹೆಂಗಸು, ಸುಳ್ಳು ಬಟ್ಟೆ ಕೊಟ್ಟವರ ಮುಂದೆ ತಲೆ ಬಾಗಿಸಿ ನಿಂತಿದ್ದರು. ಸೋದರತ್ತೆ ಒಂದಿಷ್ಟು ಗೊಣಗಿ ತಣ್ಣಗಾದರು. ಹೊಸ ಜೋಡನ್ನು ಬೆರಳಲ್ಲಿ ಎತ್ತಿ ನೋಡಿ, "ನಮ್ಮದರಷ್ಟು ಚಲೋ ಇಲ್ಲ. ಇರ್ಲಿ" ಎಂದರು. ಅತ್ತೆ ದವಡೆ ಬಿಗಿಹಿಡಿದು ಜೋಡನ್ನು ಮಡಚಿಟ್ಟರು.

ಮದುವೆ ಚೆನ್ನಾಗಿಯೇ ಆಯಿತು. ಶಬಾನಾ ಗಜೇಂದ್ರಗಡದಲ್ಲಿ ಸುಖವಾಗಿದ್ದಾಳೆ. ಆದರೂ ಆ ಶುಕ್ರವಾರ ನೆನಪಾದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಖರೇ ಮಾತು ಕೈಯಲ್ಲಿಟ್ಟುಕೊಂಡು ಬೈಸಿಕೊಂಡೆವಲ್ಲ ಎನ್ನಿಸುತ್ತದೆ. ಸಿಟ್ಟಿನ ಜೊತೆಗೆ ಆ ಇಬ್ಬರು ಹೆಂಗಸರ ಮೇಲೆ ಪ್ರೀತಿಯೂ ಉಕ್ಕುತ್ತದೆ.

ಅತ್ತೆಯ ಬಾಯಲ್ಲಿ 'ತಪ್ಪಾತು' ಎಂಬ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಆ ಸಂಜೆ ಮನೆಗೆ ಬಂದಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ. "ಅತ್ತಿ, ನಾನೂ ಎರಡ ದಿನದಿಂದ ಒದ್ದಾಡೀನಿ. ನನಗೂ ಒಂದ್ ಮಾತು ತಪ್ಪಾತು ಅನ್ನಬಾರದೇನ್ರಿ?"

ಗುಲಾಬಿ ಚಾದರ ಕೊಡವಿ ಹಾಸುತ್ತಿದ್ದ ಅವರು ತಿರುಗಿಯೂ ನೋಡಲಿಲ್ಲ.

"ನಿನಗ್ಯಾಕ? ನಿನ್ನ ಮದುವಿ ಆಗಿ ಹೋಗೇತಿ!"