ಮೂಲೆಯ ಚುಕ್ಕೆ

ಫಿಟ್ಟರ್ ಕೆಲಸ ಕಲಿಸುವ ಈರಬಸಪ್ಪನಿಗೆ ತನ್ನ ವಿದ್ಯಾರ್ಥಿಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಚಿತ್ರದುರ್ಗದ ಆ ತರಬೇತಿ ಕೇಂದ್ರದಲ್ಲಿ ಹದಿನೆಂಟು ವರ್ಷ ಇಂಥವರನ್ನೇ ನೋಡಿ ಸಾಕಾಗಿತ್ತು. ಕಬ್ಬಿಣ ಉಜ್ಜುವ ಅರ ಹಿಡಿಯುವುದು ಹೇಗೆಂದು ಕೇಳಿದರೆ ಪುಸ್ತಕದ ಸಾಲನ್ನು ಗಿಣಿಯ ಹಾಗೆ ಒಪ್ಪಿಸುವರು. ಕೈಗೆ ಅರ ಕೊಟ್ಟರೆ ತೆಂಗಿನಕಾಯಿ ತುರಿದಂತೆ ಉಜ್ಜುವರು. ರೆಕಾರ್ಡ್ ಪುಸ್ತಕದ ತುಂಬ ಮೂರು ಬಣ್ಣದ ಚಿತ್ರ, ಅಂಗೈಯಲ್ಲಿ ಒಂದು ಬೊಬ್ಬೆಯಿಲ್ಲ. ಥೂ, ಇವರ ಕಲಿಕೆಗಿಷ್ಟು!

ಅವರು ಮನಸ್ಸಿಟ್ಟು ಕಲಿತ ವಿದ್ಯೆ ಒಂದೇ. ಹಳೆಯ ತಂಡದವರು ಬಿಟ್ಟುಹೋದ ಚೊಕ್ಕವಾಗಿ ಉಜ್ಜಿದ ಕಬ್ಬಿಣದ ತುಂಡನ್ನು ಎತ್ತಿಕೊಂಡು, ಅದರ ಮೇಲಿನ ಅವರ ನಂಬರು ತೇಯ್ದು, ತಮ್ಮದನ್ನು ಕುಟ್ಟಿ, ಎಣ್ಣೆ ಸವರಿ ಪರೀಕ್ಷಕರ ಮುಂದಿಡುವುದು.

೧೯೮೬ರ ತಂಡದಲ್ಲಿ ಆ ಹಾದಿ ಹಿಡಿಯದವಳು ಕಾಟಮ್ಮ ಒಬ್ಬಳೇ. ತಾಳ್ಯದ ಕುರಿ ಕಾಯುವವರ ಮಗಳು. ಪಾಸಾದರೆ ಹಿರಿಯೂರಿನ ಪಂಪು ರಿಪೇರಿ ಶೆಡ್ಡಿನಲ್ಲಿ ಕೆಲಸ, ಇಲ್ಲದಿದ್ದರೆ ಮತ್ತೆ ಕುರಿಗಳ ಹಿಂದೆ. ಮೂರು ತುಂಡು ಕೆಡಿಸಿ ನಾಲ್ಕನೆಯದನ್ನು ಸ್ವಂತ ಕೈಯಿಂದ ಉಜ್ಜಿದ್ದಳು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಅವಳ ತುಂಡಿಗೆ ಮೂಲೆಯ ನೇರ ನೋಡುವ ಮೂಲೆಮಟ್ಟ ಹಚ್ಚಿ ಕಿಟಕಿಯತ್ತ ಹಿಡಿದರು. ನಡುವೆ ಕೂದಲೆಳೆಯಷ್ಟು ಬೆಳಕು ತೂರಿತು.

"ಬೆಳಕು ಕಾಣ್ತೈತಲ್ಲಮ್ಮ. ಇದು ಆಗಲ್ಲ."

"ನಾನೇ ಉಜ್ಜಿದ್ದು ಸಾರ್."

"ಯಾರು ಉಜ್ಜಿದ್ರು ಅಂತ ಮೂಲೆಮಟ್ಟ ಕೇಳಲ್ಲ."

ಮುಂದಿನದು ಭೀಮಸಮುದ್ರದ ಅಡಿಕೆ ವ್ಯಾಪಾರಿಯ ಮಗ ಶಿವಕುಮಾರಪ್ಪನದು. ಬೆಳಕಿನ ಸುಳಿವೇ ಇಲ್ಲ. "ನೋಡ್ರಿ ಈರಬಸಪ್ಪನೋರೆ, ಕೆಲಸ ಅಂದ್ರೆ ಇದು!" ಎಂದು ಪರೀಕ್ಷಕರು ತುಂಡನ್ನು ಈರಬಸಪ್ಪನ ಕೈಗಿಟ್ಟರು.

ಇದು ಇವನ ಕೆಲಸವಲ್ಲ ಎಂದು ಹೇಳಲು ಈರಬಸಪ್ಪ ಬಾಯಿ ತೆರೆದ. ತುಂಡನ್ನು ಹೊರಳಿಸಿದ. ಮೂಲೆಯಲ್ಲಿ ಮೊನೆಯ ಪಂಚಿನಿಂದ ಕುಟ್ಟಿದ ಸಣ್ಣ ಚುಕ್ಕೆ. ಪಾಠಕ್ಕೆಂದು ತಾನು ಉಜ್ಜಿದ ತುಂಡಿಗೆಲ್ಲ ಈರಬಸಪ್ಪ ಹಾಕುವ ಗುರುತು. ತರಗತಿಯಲ್ಲಿ ಎಲ್ಲರಿಗೂ ಗೊತ್ತು. ನಾಲ್ಕು ವರ್ಷದ ಹಿಂದೆ ಮೇಲಧಿಕಾರಿಗಳು ತಪಾಸಣೆಗೆ ಬಂದಾಗ, ಹುಡುಗರದ್ದೊಂದೂ ತೋರಿಸುವಂತಿಲ್ಲವೆಂದು, ತಾನು ಉಜ್ಜಿದ ಈ ತುಂಡಿಗೇ ಒಬ್ಬ ಹುಡುಗನ ನಂಬರು ಕುಟ್ಟಿದ್ದ. ಶಹಬ್ಬಾಸ್‌ಗಿರಿಯೂ ಸಿಕ್ಕಿತ್ತು. ಈ ವಿದ್ಯೆಯ ಮೊದಲ ಪಾಠ ಹೇಳಿಕೊಟ್ಟವನು ಅವನೇ.

"ಸಾರ್, ಆ ಚುಕ್ಕೆ..." ಎಂದಳು ಕಾಟಮ್ಮ.

ಪರೀಕ್ಷಕರು ತಲೆಯೆತ್ತಿದರು. ಈರಬಸಪ್ಪ ಹೆಬ್ಬೆರಳಿನಿಂದ ಮೂಲೆಯನ್ನು ಮುಚ್ಚಿದ.

"ಸುಮ್ನಿರಮ್ಮ," ಎಂದ. ಆಮೇಲೆ ಪರೀಕ್ಷಕರಿಗೆ, "ಹೌದು ಸಾರ್, ಹುಡುಗ ಚೆನ್ನಾಗಿ ಕಲ್ತವ್ನೆ."

ತನ್ನ ಮಾತಿಗೆ ಅವನಿಗೇ ಹೇಸಿಗೆಯಾಯಿತು. ಕಾಟಮ್ಮ ತನ್ನ ತುಂಡನ್ನು ಚೀಲಕ್ಕೆ ಹಾಕಿಕೊಂಡು, ಅವನ ಮುಖವನ್ನೂ ನೋಡದೆ, ತಾಳ್ಯದ ಬಸ್ಸಿಗೆ ಹೊರಟಳು.