ಓಟಕ್ಕೆ ಮುಂಚೆಯೇ ಬಹುಮಾನ

ನಮ್ಮ ಶಾಲೆಯಲ್ಲಿ ಒಂದು ಕಾರ್ಯಕ್ರಮ ನಡೆಯಿತು ಎನ್ನುವುದಕ್ಕೆ ಮಕ್ಕಳು ಸಾಕ್ಷಿಯಲ್ಲ, ನಾವು ಮೇಷ್ಟ್ರುಗಳೂ ಸಾಕ್ಷಿಯಲ್ಲ. ಇಲಾಖೆಯವರೂ ಊರಿನವರೂ ಇರುವ ವಾಟ್ಸಾಪ್ ಗ್ರೂಪಿಗೆ ಹೋದ ಫೋಟೋ ಒಂದೇ ಸಾಕ್ಷಿ. "ಫೋಟೋ ಇಲ್ಲ ಅಂದ್ರೆ ನಡ್ದೇ ಇಲ್ಲ ಅಂತ ಮೇಡಂ" ಎಂದು ನಮ್ಮ ಹೆಡ್‌ಮಾಸ್ಟರು ದಿನಕ್ಕೆರಡು ಸಲ ಹೇಳುತ್ತಿದ್ದರು. ನಾನು ತುಮಕೂರಿನಿಂದ ಬಸ್ಸು ಹಿಡಿದು, ಗುಬ್ಬಿ ದಾಟಿ ಹೋಗಿ ಏಳನೇ ಕ್ಲಾಸಿನವರೆಗೆ ಕನ್ನಡ ಹೇಳಿಕೊಡುವವಳು. ಆದರೆ ನನ್ನ ಫೋನಿನ ಕ್ಯಾಮೆರಾ ಚೆನ್ನಾಗಿದೆ ಎಂಬ ತಪ್ಪಿಗೆ ಫೋಟೋ ತೆಗೆಯುವ ಕೆಲಸವೂ, ಪಿ.ಟಿ. ಮೇಷ್ಟ್ರು ಇಲ್ಲ ಎಂಬ ಕಾರಣಕ್ಕೆ ಆಟ ಆಡಿಸುವ ಕೆಲಸವೂ ನನ್ನ ತಲೆಗೇ ಬಿದ್ದಿದ್ದವು.

ಆ ವಾರ ದಿನಕ್ಕೊಂದು ಕಾರ್ಯಕ್ರಮ. ಸೋಮವಾರ ಕೈ ತೊಳೆಯುವ ಅಭ್ಯಾಸ. ನಲ್ಲಿಯಲ್ಲಿ ನೀರಿರಲಿಲ್ಲ, ಅದಕ್ಕೆ ಬಿಸಿಯೂಟದ ಅಕ್ಕ ಸಾರಿಗೆ ಅಂತ ಹಿಡಿದಿಟ್ಟಿದ್ದ ನೀರನ್ನೇ ಚೊಂಬಿನಲ್ಲಿ ಹುಯ್ದೆವು. ಕೈಗಳೆಲ್ಲ ಸ್ವಚ್ಛವಾದವು, ಮಧ್ಯಾಹ್ನ ಊಟ ಮಾತ್ರ ಒಂದು ಗಂಟೆ ತಡವಾಯಿತು. ಮಂಗಳವಾರ ಓದುವ ದಿನ. ನಲವತ್ತು ಮಕ್ಕಳು ಪುಸ್ತಕದಲ್ಲಿ ಮುಳುಗಿರುವ ಫೋಟೋ ಹಾಕಿದೆ. ಮೂರನೇ ಸಾಲಿನವನು ಪುಸ್ತಕವನ್ನು ತಲೆಕೆಳಗು ಹಿಡಿದಿದ್ದಾನೆ ಅಂತ ರಾತ್ರಿ ಮನೆಯಲ್ಲಿ ನನ್ನ ಗಂಡ ಕಂಡುಹಿಡಿದರು. ಬುಧವಾರ ಮೊಬೈಲಿನ ದುಷ್ಪರಿಣಾಮಗಳ ಮೇಲೆ ಪ್ರಬಂಧ ಸ್ಪರ್ಧೆ. ಅದನ್ನೂ ಮೊಬೈಲಿನಲ್ಲೇ ಹಿಡಿದು ಗ್ರೂಪಿಗೆ ಹಾಕಿದೆ.

ಗುರುವಾರ ಆಟೋಟ. ಅದರಲ್ಲಿ ಎಲ್ಲರ ಕಣ್ಣು ಇದ್ದದ್ದು ಹುಡುಗಿಯರ ಇನ್ನೂರು ಮೀಟರ್ ಓಟದ ಮೇಲೆ. ಗೆದ್ದವಳು ಗುಬ್ಬಿಯಲ್ಲಿ ನಡೆಯುವ ತಾಲ್ಲೂಕು ಕ್ರೀಡಾಕೂಟಕ್ಕೆ ಹೋಗುತ್ತಾಳೆ. ಯಾರು ಗೆಲ್ಲುತ್ತಾರೆಂದು ನಮ್ಮ ಬಿಸಿಯೂಟದ ಅಕ್ಕನಿಗೂ ಗೊತ್ತಿತ್ತು. ಏಳನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಶಾಲೆಯಲ್ಲಿ ಕೊಟ್ಟ ಶೂ ಬಾಯಿ ಬಿಟ್ಟಮೇಲೆ ಬರಿಗಾಲಲ್ಲೇ ಬರುತ್ತಿದ್ದಳು. ಬೆಲ್ ಹೊಡೆದ ಮೇಲೆ ಮನೆಯಿಂದ ಹೊರಟರೂ ಪ್ರಾರ್ಥನೆಯ ಹೊತ್ತಿಗೆ ಸಾಲಿನಲ್ಲಿರುತ್ತಿದ್ದಳು. "ಗುಬ್ಬೀಲಿ ಓಡೋ ಜಾಗದಲ್ಲಿ ಸುಣ್ಣದ ಗೆರೆ ಹಾಕಿರ್ತಾರಾ ಮಿಸ್?" ಎಂದು ಒಂದು ತಿಂಗಳಿಂದ ನನ್ನ ಪ್ರಾಣ ತಿಂದಿದ್ದಳು.

ಮುಖ್ಯ ಅತಿಥಿಗಳಾದ ಊರಿನ ಮುಖಂಡರು ಬಂದವರೇ ವಾಚು ನೋಡಿಕೊಂಡರು. ಕುಣಿಗಲ್ಲಿನಲ್ಲಿ ಅವರಿಗೆ ಬೀಗರ ಊಟ. ಬೀಗರ ಊಟಕ್ಕೆ ತಡವಾಗಿ ಹೋದವನ ಎಲೆಗೆ ಮೂಳೆಯೇ ಗತಿ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ವಿಷಯ. ಹೆಡ್‌ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ಓಟ ಆಮೇಲೆ ಓಡ್ಸೋಣ. ಮೊದ್ಲು ಬಹುಮಾನ ಕೊಡಿಸ್ಬುಡಿ."

ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ಗಾದೆಯನ್ನು ಕ್ಲಾಸಿನಲ್ಲಿ ವಿವರಿಸುವವಳು ನಾನೇ. ಆದರೂ ಎಂಟು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದೆ. ಬರಿಗಾಲಿನವಳು ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದಳು. ಫೋನಿನಲ್ಲಿ ನೋಡಿದರೆ ಧೂಳು ಮೆತ್ತಿದ ಆ ಕಾಲುಗಳು ಎದ್ದು ಕಾಣುತ್ತಿದ್ದವು.

"ನೀನ್ ಸ್ವಲ್ಪ ಹಿಂದೆ ನಿಂತ್ಕೊಳ್ಳಮ್ಮ, ಕಾಲು ಕಾಣ್ತವೆ" ಎಂದೆ.

ಅವಳ ಜಾಗಕ್ಕೆ, ಅವಳ ಬೆಂಚಿನಲ್ಲೇ ಕೂರುವ ಇನ್ನೊಬ್ಬಳನ್ನು ಎಳೆದು ತಂದೆ. ಇವಳ ಶೂ ಹಾಲಿನಷ್ಟು ಬೆಳ್ಳಗಿದ್ದವು. ಅತಿಥಿಗಳು ಕಪ್ ಕೊಟ್ಟರು, ನಾನು ಕ್ಲಿಕ್ ಮಾಡಿದೆ, ಅವರ ಕಾರು ಕುಣಿಗಲ್ ಕಡೆ ಹಾರಿತು. ಕಪ್ಪನ್ನು ಆಮೇಲೆ ಗೆದ್ದವಳಿಗೆ ಕೊಟ್ಟರಾಯಿತು ಎಂದು ನಾನಂದುಕೊಂಡಿದ್ದೆ. ಅಷ್ಟರಲ್ಲಿ ಹೆಡ್‌ಮಾಸ್ಟರು ನನ್ನ ಫೋನು ಇಸಿದುಕೊಂಡು, 'ಪ್ರಥಮ ಸ್ಥಾನ ಪಡೆದ ವಿದ್ಯಾರ್ಥಿನಿ' ಎಂದು ಶೂ ಹುಡುಗಿಯ ಹೆಸರು ಬರೆದು ಫೋಟೋ ಗ್ರೂಪಿಗೆ ಹಾಕಿಯಾಗಿತ್ತು.

ಆಮೇಲೆ, ಮಧ್ಯಾಹ್ನದ ಊಟ ಮುಗಿಸಿ, ಓಟ ನಡೆಯಿತು. ಬರಿಗಾಲಿನವಳು ಗೆರೆ ಮುಟ್ಟಿ, ತಿರುಗಿ ನಿಂತು, ಉಸಿರು ಸುಧಾರಿಸಿಕೊಂಡ ಮೇಲೆ ಎರಡನೆಯವಳು ಬಂದಳು. ಶೂ ಹುಡುಗಿ ಎಂಟನೆಯವಳು.

ಕಪ್ ಕೈ ಬದಲಾಯಿಸುವ ಮೊದಲೇ ಶೂ ಹುಡುಗಿಯ ಅಜ್ಜಿ ಗೇಟಿನಲ್ಲಿ ಹಾಜರ್. ಪಕ್ಕದ ಮನೆಯವರ ಫೋನಿನಲ್ಲಿ ಮೊಮ್ಮಗಳ ಫೋಟೋ ನೋಡಿ, ಡಬ್ಬಿ ತುಂಬಾ ಕೊಬ್ಬರಿ ಮಿಠಾಯಿ ತಂದಿದ್ದರು. ನಾವು ಬಾಯಿ ತೆರೆಯುವ ಮೊದಲೇ ಒಂದೊಂದು ತುಂಡು ಕೈಗಿಟ್ಟರು. ತಿಂದೆವು. ಬಾಯಲ್ಲಿ ಮಿಠಾಯಿ ಇಟ್ಟುಕೊಂಡು ಸತ್ಯ ಹೇಳುವುದು ಕಷ್ಟ. ಅಜ್ಜಿ ಮೊಮ್ಮಗಳ ಜೊತೆ ಕಪ್ಪನ್ನೂ ಕರೆದುಕೊಂಡು ಹೋದರು.

ಶುಕ್ರವಾರ ಬಂತು. ಶನಿವಾರ ಸಂಜೆಯೊಳಗೆ ಗುಬ್ಬಿಗೆ ಹೆಸರು ಕಳಿಸಬೇಕು. ಹೆಡ್‌ಮಾಸ್ಟರ ಮುಖ ಬಾಡಿತ್ತು.

"ಗ್ರೂಪಲ್ಲಿ ಒಬ್ಳು, ಲಿಸ್ಟಲ್ಲಿ ಇನ್ನೊಬ್ಳು ಅಂದ್ರೆ ಮೇಲಿನವ್ರು ಸುಮ್ನಿರ್ತಾರಾ? ಇನ್ನೊಂದ್ ಸಲ ಓಡ್ಸಿ ಮೇಡಂ. ಆ ಹುಡುಗಿಗೆ ಸ್ವಲ್ಪ ನಿಧಾನ ಓಡು ಅಂತ ಹೇಳಿ."

ಹೇಳಬಾರದಿತ್ತು. ಹೇಳಿದೆ. ಬರಿಗಾಲಿನವಳು ನನ್ನ ಮುಖವನ್ನೇ ನೋಡುತ್ತಾ, "ನಿಧಾನ ಅಂದ್ರೆ ಎಷ್ಟು ಮಿಸ್?" ಎಂದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಆ ಕಡೆ ಶೂ ಹುಡುಗಿ, "ಗುಬ್ಬಿಗೆ ನನ್ನ ಕಳಿಸ್ಬೇಡಿ ಮಿಸ್, ನಂಗೆ ಓಡಕ್ ಬರಲ್ಲ" ಎಂದು ಗೊಳೋ ಅನ್ನುತ್ತಿದ್ದಳು.

ಮತ್ತೆ ಓಡಿಸಿದೆವು. ಬರಿಗಾಲಿನವಳು ಅರ್ಧ ದಾರಿಯಲ್ಲಿ ನಿಂತೇಬಿಟ್ಟಳು; ಗೆಳತಿ ಬರಲಿ ಎಂದು ತಿರುಗಿ ತಿರುಗಿ ನೋಡಿದಳು. ಗೆಳತಿ ಬರಲೇ ಇಲ್ಲ. ನಡುವೆ ಯಾರೂ ಲೆಕ್ಕಕ್ಕಿಡದ ಒಬ್ಬ ಆರನೇ ಕ್ಲಾಸಿನ ಹುಡುಗಿ ಸೊಯ್ಯನೆ ಬಂದು ಗೆರೆ ಮುಟ್ಟಿದಳು.

"ಇವ್ಳ್ಯಾರ್ರೀ?" ಎಂದರು ಹೆಡ್‌ಮಾಸ್ಟರು. ಈಗ ಒಂದು ಓಟಕ್ಕೆ ಮೂವರು ಪ್ರಥಮ. ಅವರು ಕುರ್ಚಿಯಲ್ಲಿ ಕುಸಿದು, "ನೀವೇ ಆ ಅಜ್ಜಿ ಹತ್ರ ಮಾತಾಡಿ. ಕಪ್ ವಾಪಸ್ ಕೊಡಕ್ಕೆ ಅವ್ರು ಒಪ್ಪಿದ್ರೆ, ಮೊದ್ಲು ಗೆದ್ದವ್ಳನ್ನೇ ಕಳ್ಸಕ್ಕೆ ನಂದೇನೂ ಅಭ್ಯಂತರ ಇಲ್ಲ" ಎಂದರು. ಬೆಂಕಿ ಹಚ್ಚಿದವಳು ನಾನೇ ಆದ್ದರಿಂದ ಹೂಂ ಎಂದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಹೋದೆ. ಅಜ್ಜಿ ಜಗುಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, ನಡೆದದ್ದನ್ನು ನಡೆದ ಹಾಗೆ ಒದರಿದೆ. ಅಜ್ಜಿ ಮೊರ ಕೆಳಗಿಟ್ಟು ನಕ್ಕರು.

"ಅಯ್ಯೋ, ನಮ್ಮುಡ್ಗಿ ಓಡೋದಾ ಮಿಸ್ಸೇ? ಬಸ್ಸು ಹೊರಟೋದ್ರೂ ಓಡಕಿಲ್ಲ ಅವ್ಳು."

"ಮತ್ತೆ ಮಿಠಾಯಿ ಹಂಚಿದ್ರಲ್ಲ ಅಜ್ಜಿ?"

"ಶೂ ಬೆಳ್ಳಗೈತೆ ಅಂತ ಕೊಟ್ಟವ್ರೆ ಅನ್ಕಂಡೆ. ಅದನ್ನ ತಿಕ್ಕಿ ತಿಕ್ಕಿ ತೊಳ್ದವ್ಳು ನಾನಲ್ವಾ? ನಂಗೂ ಒಂದು ಬಹುಮಾನ ಬಂತಲ್ಲ ಅಂತ ಮಾಡ್ದೆ."

ಇಡೀ ಇಲಾಖೆಯಲ್ಲಿ ಆ ಫೋಟೋವನ್ನು ಸರಿಯಾಗಿ ನೋಡಿದವರು ಅವರೊಬ್ಬರೇ. ದೇವರ ಪಟದ ಪಕ್ಕದಲ್ಲಿದ್ದ ಕಪ್ಪನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು.

ಅಲ್ಲೇ ಜಗುಲಿಯ ಮೇಲೆ ಕೂತು, ಬಹುಮಾನ ಕೊಟ್ಟದ್ದು ಓಟಕ್ಕೆ ಮುಂಚೆ, ಗೆದ್ದವಳು ಬೇರೆ, ಗುಬ್ಬಿಗೆ ಹೋಗುವವಳೂ ಅವಳೇ ಎಂದು ಗ್ರೂಪಿಗೆ ಬರೆದೆ. ಹೆಡ್‌ಮಾಸ್ಟರ ಫೋನು ಬಂದೇ ಬರುತ್ತದೆ ಎಂದು ಕಾದೆ. ಬಂದದ್ದು ಬರೀ ಹೆಬ್ಬೆಟ್ಟಿನ ಚಿತ್ರಗಳು. ಒಬ್ಬರಂತೂ 'ಅಭಿನಂದನೆಗಳು' ಎಂದೂ ಹಾಕಿದ್ದರು. ನಾವು ಇಷ್ಟು ದಿನ ಹೆದರಿದ್ದು ಯಾರೂ ಓದದ ಒಂದು ಗ್ರೂಪಿಗೆ.

ಮುಂದಿನ ವಾರ ಕಪ್ಪನ್ನು ಬರಿಗಾಲಿನವಳಿಗೆ ಕೊಟ್ಟು, ಗುಬ್ಬಿಗೆ ಅವಳನ್ನು ಕರೆದುಕೊಂಡು ಹೋದೆ. ಸುಣ್ಣದ ಗೆರೆ ಹಾಕಿದ್ದರು. ಅಜ್ಜಿ ಮೊಮ್ಮಗಳ ಶೂ ತೊಳೆದು ಕಳಿಸಿದ್ದರು; ಅದು ಹಾಕಿದರೆ ಓಡಕ್ಕಾಗಲ್ಲ ಎಂದು ಅವಳು ನನ್ನ ಕೈಗೆ ಕೊಟ್ಟಳು. ಬರಿಗಾಲಲ್ಲೇ ಓಡಿದಳು, ಮೊದಲನೆಯವಳಾಗಿ ಬಂದಳು. ನಾನು ಗಂಟಲು ಕಟ್ಟುವಷ್ಟು ಕೂಗಿದೆ.

ಗೆದ್ದ ಮೂವರನ್ನೂ ಫೋಟೋಗೆ ನಿಲ್ಲಿಸಿದರು. ಉಳಿದಿಬ್ಬರ ಕಾಲಲ್ಲಿ ಬಿಳಿ ಶೂ. ಫೋಟೋ ತೆಗೆಯುವವರು ಇನ್ನೂ ಒಂದು ಮಾತೂ ಆಡಿರಲಿಲ್ಲ. ಅವಳು ತನ್ನ ಕಾಲು ನೋಡಿಕೊಂಡು, ತಾನಾಗಿಯೇ ಇಬ್ಬರ ಹಿಂದಕ್ಕೆ ಸರಿದು ನಿಂತಳು. ಅಷ್ಟೆಲ್ಲ ಕಾರ್ಯಕ್ರಮ ಮಾಡಿದ ವಾರದಲ್ಲಿ ನನ್ನಿಂದ ಅವಳು ಕಲಿತದ್ದು ಇದೊಂದೇ.

"ಮುಂದೆ ಬಾರೇ" ಎಂದು ಕೂಗಿದೆ.

"ಕಾಲು ಕಾಣ್ತವೆ ಮಿಸ್."

"ಕಾಣ್ಲಿ ಬಾರೇ. ಓಡಿದ್ದು ಅವೇ ಅಲ್ವೇನೇ!"